ಒಣಗಿದ ಬಟ್ಟೆ ತರುವಷ್ಟು ಹೊತ್ತು

ಶಿವಯೋಗಪ್ಪನವರ ಸ್ಟುಡಿಯೋದ ಆಲ್ಬಮ್ಮುಗಳಲ್ಲಿ ಮೊಡವೆಯ ಮದುಮಗನಿಲ್ಲ, ಬೆವರಿದ ಮದುಮಗಳಿಲ್ಲ, ಮುಖ ಗಂಟಿಕ್ಕಿಕೊಂಡ ಬೀಗರೂ ಇಲ್ಲ. ಹಾಗೆ ಬಂದವರನ್ನೆಲ್ಲ ಸರಿಮಾಡಿ ಕಳಿಸುವವಳು ವಾಣಿ. ಶಿವಮೊಗ್ಗದ ಹೊಸಮನೆಯಲ್ಲಿರುವ ಆ ಅಂಗಡಿಯ ಹಿಂಭಾಗದಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆಯಿದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು, ಮೋಡ ಕವಿದ ದಿನ ಮದುವೆಯಾದವರಿಗೂ ಅವಳು ನೀಲಿ ಆಕಾಶ ಹಾಕಿಕೊಡುತ್ತಾಳೆ. ಅವಳು ಮಾತ್ರ ಬೆಳಿಗ್ಗೆ ಭದ್ರಾವತಿ ಬಸ್ಸಿಳಿದು ಒಳಗೆ ಹೋದರೆ, ಸಂಜೆ ಅದೇ ಬಸ್ಸು ಹತ್ತುವವರೆಗೆ ಅವಳ ಪಾಲಿಗೆ ಆಕಾಶವಿಲ್ಲ.

ಹೀಗೆ ಊರವರ ಕಲೆಗಳನ್ನೆಲ್ಲ ಅಳಿಸುತ್ತ ಅಳಿಸುತ್ತ ಅವಳು ಒಂದು ದಿನ ನೀಹಾರಿಕೆಯೊಂದನ್ನೂ ಅಳಿಸಿಬಿಟ್ಟಳು. ಮದುವೆಗೆ ಮುಂಚೆ ಹುಡುಗ ಹುಡುಗಿಯನ್ನು ಕತ್ತಲೆಯ ಬಯಲಲ್ಲಿ ಕಲ್ಲಿನಂತೆ ನಿಲ್ಲಿಸಿ, ತಲೆಯ ಮೇಲೆ ನಕ್ಷತ್ರಗಳೆಲ್ಲ ಕಾಣುವಂತೆ ಫೋಟೋ ತೆಗೆಯುವ ಹುಚ್ಚು ಈಗ ನಮ್ಮ ಕಡೆಗೂ ಬಂದಿದೆ. ಅಂಥದೊಂದರಲ್ಲಿ, ಸಾಲಾಗಿ ನಿಂತ ಮೂರು ನಕ್ಷತ್ರಗಳ ಕೆಳಗೆ, ಗುಲಾಬಿ ಬಣ್ಣದ ಸಣ್ಣ ಕಲೆಯಿತ್ತು. ಲೆನ್ಸಿನ ಧೂಳಿರಬೇಕೆಂದು ವಾಣಿ ಒರೆಸಿದಳು. ಮುಂದಿನ ಫೋಟೋದಲ್ಲಿ ಕ್ಯಾಮೆರಾ ಬೇರೆ ಕಡೆ ತಿರುಗಿತ್ತು, ಹುಡುಗಿ ಎಡಕ್ಕೆ ಸರಿದಿದ್ದಳು, ಕಲೆ ಮಾತ್ರ ಆ ಮೂರು ನಕ್ಷತ್ರಗಳ ಕೆಳಗೇ ಇತ್ತು. ಧೂಳು ನಕ್ಷತ್ರದ ಬೆನ್ನು ಹತ್ತಿ ಹೋಗುವುದುಂಟೆ? ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಹುಡುಕಿದಳು. ಅದು ನೀಹಾರಿಕೆ, ಹೊಸ ನಕ್ಷತ್ರಗಳು ಹುಟ್ಟುವ ಅನಿಲದ ಮೋಡವೆಂದು ತಿಳಿಯಿತು. ಒರೆಸಿದ್ದನ್ನು ಮೊದಲು ವಾಪಸ್ ತಂದಳು. ಇದನ್ನು ನಾನೇ ತೆಗೆಯಬೇಕು, ಕೆಳಗೆ ನನ್ನ ಹೆಸರಿರಬೇಕು ಎಂಬ ಆಸೆ ಹುಟ್ಟಿದ್ದು ಆಗಲೇ. ಅಷ್ಟು ವರ್ಷ ಅಷ್ಟೊಂದು ಫೋಟೋ ತಿದ್ದಿದವಳ ಹೆಸರು ಒಂದರ ಮೇಲೂ ಇರಲಿಲ್ಲ.

ಆಸೆಯೇನೋ ಹುಟ್ಟಿತು, ಪೂರೈಸುವುದು ಎಲ್ಲಿ? ಭದ್ರಾವತಿಯ ಓಲ್ಡ್ ಟೌನಿನ ಮನೆಯಲ್ಲಿ ಸಂಜೆ ಅತ್ತೆ ವಿಮಲಮ್ಮ ಮತ್ತು ಅವಳು ಇಬ್ಬರೇ. ಗಂಡ ಹಾಲೇಶನಿಗೆ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಯಾವಾಗಲೂ ಸೆಕೆಂಡ್ ಶಿಫ್ಟು. ವಿಮಲಮ್ಮ ಕೆಟ್ಟವರಲ್ಲ, ಆದರೆ ಸೊಸೆ ಕಣ್ಣಿಗೆ ಕಾಣದಿದ್ದರೆ ಅವರಿಗೆ ಆಗುವುದಿಲ್ಲ. ಬಚ್ಚಲಲ್ಲಿ ಸ್ವಲ್ಪ ತಡವಾದರೂ ಬಾಗಿಲ ಹತ್ತಿರ ಕೆಮ್ಮು ಕೇಳಿಸುತ್ತದೆ. ದೀಪ ಹಚ್ಚಿದ ಮೇಲೆ ಹೆಂಗಸರು ತಾರಸಿಗೆ ಹೋಗಲು ಆ ಮನೆಯಲ್ಲಿ ಒಪ್ಪಿಗೆಯಿದ್ದದ್ದು ಒಂದೇ ಕೆಲಸಕ್ಕೆ, ಒಣಗಿದ ಬಟ್ಟೆ ತರುವುದಕ್ಕೆ. ಅಮಾವಾಸ್ಯೆಯ ರಾತ್ರಿಯಂತೂ ಬಟ್ಟೆ ಹೊರಗಿರಲೇಬಾರದು. ನೀಹಾರಿಕೆಗೆ ಬೇಕಾದದ್ದೂ ಅಮಾವಾಸ್ಯೆಯ ಕತ್ತಲೆಯೇ. ಮಂಡಿನೋವಿನ ಅತ್ತೆ ಮೆಟ್ಟಿಲು ಹತ್ತುವ ಹಾಗಿರಲಿಲ್ಲ, ಬಟ್ಟೆ ತರುವವಳು ವಾಣಿಯೇ.

ಫ್ಲ್ಯಾಶ್ ಕೆಟ್ಟ ಹಳೆಯ ಕ್ಯಾಮೆರಾವನ್ನು ಶಿವಯೋಗಪ್ಪ "ಇಟ್ಕೋ ಮಾರಾಯ್ತಿ, ಇಲ್ಲಿದ್ರೆ ಜಿರಲೆ ಮರಿ ಹಾಕುತ್ತೆ" ಎಂದು ಹಿಂದೆಯೇ ಕೊಟ್ಟಿದ್ದರು. ಧನುರ್ಮಾಸದಲ್ಲಿ ಮದುವೆಗಳಿಲ್ಲ, ದೊಡ್ಡ ಲೆನ್ಸು ಕಪಾಟಿನಲ್ಲಿ ಸುಮ್ಮನೆ ಕೂತಿತ್ತು, ಅದನ್ನೂ ಕೇಳಿ ತಂದಳು. ಬಟ್ಟೆ ಬುಟ್ಟಿಯ ತಳದಲ್ಲಿ ಕ್ಯಾಮೆರಾ, ಅದರ ಮೇಲೊಂದು ಕಂಬಳಿ. ತಾರಸಿಗೆ ಹೋದವಳೇ ಬೀದಿದೀಪಕ್ಕೆ ಅಡ್ಡವಾಗಿ ಕಂಬಳಿಯನ್ನು ತಂತಿಗೆ ಹಾಕುತ್ತಿದ್ದಳು. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಮರಳು ತುಂಬಿದ ಚೀಲ, ಅದರ ಮೇಲೆ ಕ್ಯಾಮೆರಾ. ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರ ಗೀರಾಗುತ್ತದೆ, ಅದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಫೋಟೋಗಳನ್ನೇ ಒಂದರ ಹಿಂದೊಂದು ತೆಗೆಯುವುದು, ಆಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ ಬೆಳಕು ಕೂಡಿಸುವುದು.

"ವಾಣೀ, ಬಟ್ಟೆ ತರಕ್ಕೆ ಇಷ್ಟೊತ್ತಾ?" ಎಂದು ಕೆಳಗಿನಿಂದ ಕೂಗು ಬರುತ್ತಿತ್ತು.

"ಕ್ಲಿಪ್ಪು ಬಿದ್ದೋಯ್ತು ಅತ್ತೆ, ಹುಡುಕ್ತಾ ಇದೀನಿ."

ಆ ಚಳಿಗಾಲದಲ್ಲಿ ಅವರ ಮನೆಯಲ್ಲಿ ಬಿದ್ದಷ್ಟು ಕ್ಲಿಪ್ಪು ಓಲ್ಡ್ ಟೌನಿನ ಇನ್ಯಾರ ಮನೆಯಲ್ಲೂ ಬಿದ್ದಿರಲಿಕ್ಕಿಲ್ಲ.

ಒಂದೊಂದಾಗಿ ನೋಡಿದರೆ ಎಲ್ಲವೂ ಕಪ್ಪು ಫೋಟೋಗಳೇ. ಕೆಲಸ ಮುಗಿದ ಮೇಲೆ ಅವನ್ನು ಸ್ಟುಡಿಯೋದ ಕಂಪ್ಯೂಟರಿಗೆ ಹಾಕಿಡುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಎಲ್ಲವನ್ನೂ ಕೂಡಿಸಿದಾಗ, ಆ ಕಪ್ಪಿನೊಳಗಿಂದ ಗುಲಾಬಿ ಮೆಲ್ಲಗೆ ಎದ್ದುಬಂತು. ಅಂಚಿನಲ್ಲಿ ತೆಳು ನೀಲಿ, ನಡುವೆ ನೋಡಲಾರದಷ್ಟು ಬೆಳ್ಳಗೆ. ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬಳೇ ಕೂತು ವಾಣಿ ಸಂತೋಷಕ್ಕೆ ಅತ್ತಳು. ಊರಿನ ಫೋಟೋಗ್ರಾಫರುಗಳ ಸಂಘವೊಂದು ಪ್ರದರ್ಶನಕ್ಕೆ ಚಿತ್ರಗಳನ್ನು ಕರೆದಿತ್ತು. ಹೆಸರು ಹಾಕಿ ಕಳಿಸಿದಳು. ಶಿವಯೋಗಪ್ಪನವರಿಗೂ ತೋರಿಸಿದಳು.

ತೋರಿಸಬಾರದಿತ್ತು. ಮರುವಾರ ರಕ್ಷಾ ಎಂಬ ಮದುಮಗಳ ಆಲ್ಬಮ್ಮಿನ ಮುಖಪುಟದಲ್ಲಿ, ಗಂಡನ ಹೆಗಲಿಗೆ ತಲೆಯಿಟ್ಟ ಅವಳ ಬೆನ್ನ ಹಿಂದೆ ನೀಹಾರಿಕೆಯಿತ್ತು. ಅದನ್ನು ನೋಡಿದವರೆಲ್ಲ ತಮಗೂ ಅದೇ ಬೇಕೆಂದರು. ಬೇಸಿಗೆಯ ಮದುವೆಗಳು ಸಾಲುಗಟ್ಟಿ ಬಂದವು. ತನ್ನ ನೀಹಾರಿಕೆಯನ್ನು ಒಂದೊಂದೇ ಜೋಡಿಯ ಹಿಂದೆ ಅಂಟಿಸುವ ಕೆಲಸ ವಾಣಿಯದೇ ಆಯಿತು.

"ನಿನ್ನ ಆಕಾಶ ಭಾರಿ ಓಡ್ತಿದೆ ಮಾರಾಯ್ತಿ. ಈ ಹುಡ್ಗೀದು ಹಸಿರು ಸೀರೆ, ಸ್ವಲ್ಪ ಹಸಿರು ಮಾಡು ಅದನ್ನ" ಎಂದರು ಶಿವಯೋಗಪ್ಪ.

"ಸರ್, ಅದು ನನ್ನ ಫೋಟೋ."

"ನಿಂದೇ ಕಣಮ್ಮ, ಯಾರು ಇಲ್ಲ ಅಂದ್ರು? ಲೆನ್ಸ್ ನಂದು, ಕಂಪ್ಯೂಟರ್ ನಂದು, ಫೋಟೋ ನಿಂದು" ಎಂದು ನಕ್ಕರು. ಬೈದಿದ್ದರೆ ವಾಣಿಯೂ ಬಾಯಿ ತೆರೆಯಬಹುದಿತ್ತು, ನಗುವವರಿಗೆ ಏನು ಹೇಳುವುದು? ಹಸಿರು ಮಾಡಿಕೊಟ್ಟಳು.

ಸಂಘದಿಂದ ಫೋನು ಬಂದದ್ದು ಯುಗಾದಿ ಕಳೆದ ಮೇಲೆ. "ಮೇಡಂ, ಇದು ಆಲ್ಬಮ್ಮಿಗೆ ಹಾಕೋ ಬ್ಯಾಕ್‌ಗ್ರೌಂಡ್ ಅಲ್ವಾ? ನನ್ನ ತಂಗಿ ಮಗಳ ಮದುವೆ ಆಲ್ಬಮ್ಮಲ್ಲೂ ಇದೆ. ನೀವೇ ತೆಗ್ದಿದ್ದಾದ್ರೆ ಒರಿಜಿನಲ್ ಫೋಟೋಗಳನ್ನ ಕಳಿಸಿ, ಹಾಕ್ತೀವಿ."

ವಾಣಿ ಕಂಪ್ಯೂಟರಿನಲ್ಲಿ ಹುಡುಕಿದಳು. ಒಂದೂ ಇರಲಿಲ್ಲ.

"ಆ ಕರೀ ಫೋಟೋಗಳಾ?" ಎಂದರು ಶಿವಯೋಗಪ್ಪ. "ಎಲ್ಲಾ ಕತ್ತಲೆ ಬಂದು ಹಾಳಾಗಿದ್ವಲ್ಲ. ಸೀಸನ್ನು ನೋಡು, ಜಾಗ ಬೇಕಿತ್ತು, ಡಿಲೀಟ್ ಮಾಡ್ದೆ."

ಅವರ ದನಿಯಲ್ಲಿ ಕಪಟವಿರಲಿಲ್ಲ. ಕತ್ತಲೆ ಬಂದ ಫೋಟೋ ಇಟ್ಟುಕೊಳ್ಳುವ ಸ್ಟುಡಿಯೋ ಎಲ್ಲಿದೆ? ಕ್ಯಾಮೆರಾದ ಕಾರ್ಡಿನಲ್ಲಿದ್ದದ್ದನ್ನು ಜಾಗಕ್ಕಾಗಿ ಅವಳೇ ಆಗಾಗ ಅಳಿಸಿದ್ದಳು. ಮತ್ತೆ ತೆಗೆಯೋಣವೆಂದರೆ ಆ ಮೂರು ನಕ್ಷತ್ರಗಳು ಆಗಲೇ ಪಡುವಣಕ್ಕೆ ಇಳಿದಿದ್ದವು, ಇನ್ನು ಮುಂದಿನ ಚಳಿಗಾಲವೇ. ಮುಂದಿನ ಚಳಿಗಾಲಕ್ಕೂ ಬಟ್ಟೆ ಇರುತ್ತದೆ, ತಾರಸಿ ಇರುತ್ತದೆ ಎಂದುಕೊಂಡು ಬಸ್ಸು ಹತ್ತಿದಳು.

"ಯಾಕೆ ಮುಖ ಹಂಗಿದೆ?" ಎಂದರು ವಿಮಲಮ್ಮ. ಯಾರಿಗಾದರೂ ಹೇಳಲೇಬೇಕಿತ್ತು. ವಾಣಿ ಎಲ್ಲ ಹೇಳಿ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಯಾರೂ ನಂಬ್ತಿಲ್ಲ ಅತ್ತೆ."

"ನಂಬದೇ ಏನು? ಬಟ್ಟೆ ಮಡಚೋಳು ನಾನಲ್ವಾ? ಚಳಿಗಾಲ ಪೂರ್ತಿ ಮಂಜು ಹಿಡ್ದು ತಣ್ಣಗೆ ಬರ್ತಿತ್ತು. ನೀನು ಯಾರ ಹತ್ರನೋ ಫೋನಲ್ಲಿ ಮಾತಾಡ್ತೀಯ ಅಂತ ಹೊಟ್ಟೇಲೇ ಇಟ್ಕೊಂಡು ಒದ್ದಾಡಿದೀನಿ. ಹಾಲೇಶನಿಗೂ ಹೇಳಿರ್ಲಿಲ್ಲ."

ವಾಣಿಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಒಬ್ಬರಾದರೂ ನಂಬಿದರಲ್ಲ. ಆ ಒಬ್ಬರು ಇವರೇ ಆಗಿದ್ದರಲ್ಲ.

"ಚೆನ್ನಾಗಿದೆ, ಕುಂಕುಮ ಚೆಲ್ಲಿದ ಹಂಗೆ" ಎಂದು ಅತ್ತೆ ಮೊಬೈಲು ವಾಪಸ್ ಕೊಟ್ಟರು. "ಆದ್ರೆ ಕತ್ತಲಲ್ಲಿ ಒಬ್ಳೇ, ಅದೂ ಅಮಾವಾಸ್ಯೆ ದಿನ. ಏನಾದ್ರೂ ಆದ್ರೆ ಅವನಿಗೆ ನಾನೇನು ಹೇಳ್ಲಿ? ನಾಳೆಯಿಂದ ಬಟ್ಟೆ ನಾನೇ ತರ್ತೀನಿ."

"ನಿಮ್ಮ ಮಂಡಿ?"

"ಗೋಡೆ ಹಿಡ್ಕೊಂಡು ನಿಧಾನ ಹತ್ತುತೀನಿ. ನೀನೂ ಪಾಪ, ದುಡಿದು ಬಂದಿರ್ತೀಯ."

ಮರುದಿನ ಸಂಜೆ ವಾಣಿ ಬಂದಾಗ ವಿಮಲಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತಾರಸಿಯ ಬಾಗಿಲಿಗೆ ಚಿಲಕ ಬಿದ್ದಿತ್ತು. ಮಂಚದ ಮೇಲೆ ಬಟ್ಟೆ ಮಡಚಿಟ್ಟಿತ್ತು. ಒಳಗಿಡಲು ಎತ್ತಿಕೊಂಡಳು. ಬಿಸಿಲಿನ ಕಾವು ಇನ್ನೂ ಆರದೆ ಬೆಚ್ಚಗಿತ್ತು.