ಮೇನ್‌ಫ್ರೇಮ್ ನಿಲ್ಲುವವರೆಗೆ

ಕುಂಜತ್ತೂರಿನ ತುಂಗಾ ಮತ್ತು ಮುರಳೀಕೃಷ್ಣ ಮಂಗಳೂರಿನ ಒಂದು ವಿಮಾ ಕಂಪೆನಿಯಲ್ಲಿ ಪ್ರೋಗ್ರಾಮರುಗಳಾಗಿದ್ದರು. ದಿನಾ ರಾಜ್ಯದ ಗಡಿ ದಾಟಿ ಒಂದೇ ಬಸ್ಸಿನಲ್ಲಿ ಹೋಗಿಬರುತ್ತ ಪರಸ್ಪರ ಮೆಚ್ಚಿ ಮದುವೆಯಾದವರು. ಕಂಪೆನಿಯ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿ ಪಾಲಿಸಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಮು ಇಬ್ಬರೂ ಸೇರಿ ಬರೆದದ್ದು. ಮನೆಯಲ್ಲಿ ಅವರದು ತುಳು. ಕನ್ನಡ ಆಫೀಸಿಗೆ ಮಾತ್ರ.

ಇಬ್ಬರೂ ನಿವೃತ್ತರಾದ ನಂತರ ಮುರಳೀಕೃಷ್ಣರಿಗೆ ಮರೆವಿನ ಕಾಯಿಲೆ ಹಿಡಿಯಿತು. ಕ್ರಮೇಣ ಮಾತೇ ನಿಂತಿತು. ಊಟಕ್ಕೆ ಕರೆದರೂ ಗೋಡೆ ನೋಡುತ್ತ ಕೂತಿರುತ್ತಿದ್ದರು.

ಆ ಹೊತ್ತಿಗೆ ಕಂಪೆನಿ ಹಳೆಯ ಪ್ರೋಗ್ರಾಮುಗಳನ್ನೆಲ್ಲ ಹೊಸ ವ್ಯವಸ್ಥೆಗೆ ಬದಲಾಯಿಸಲು ಹೊರಟಿತು. ಆ ಕೆಲಸದ ಮುಖ್ಯಸ್ಥೆ ಅನ್ವಿತಾ ಸಹಾಯ ಕೇಳಿದಾಗ, ಮನೆಯಿಂದಲೇ ಮಾಡುತ್ತೇನೆಂದು ತುಂಗಾ ಒಪ್ಪಿದರು.

ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಹಳೆಯ ಪ್ರೋಗ್ರಾಮಿನ ಸಾಲುಗಳನ್ನು ಓದುತ್ತಿದ್ದಾಗ ಹಿಂದಿನಿಂದ ಗಂಡನ ಧ್ವನಿ ಕೇಳಿಸಿತು.

"ತುಂಗಾ ಮೇಡಂ, ಅದನ್ನು ಮುಟ್ಟಬೇಡಿ. ಅಲ್ಲಿ ತಪ್ಪು ಹಿಡಿಯುವ ಒಂದು ಚೆಕ್ ಉಂಟು."

ಎಷ್ಟೋ ತಿಂಗಳ ನಂತರದ ಮೊದಲ ಮಾತು. ಆದರೆ ಕನ್ನಡದಲ್ಲಿ, ಮೇಡಂ ಎಂದು. ಅವರ ಮನಸ್ಸು ಮದುವೆಗೆ ಮುಂಚಿನ ಆಫೀಸಿಗೆ ಹೋಗಿತ್ತು. ತುಂಗಾ ತುಳುವಿನಲ್ಲಿ ಮಾತಾಡಿಸಿದರೆ ಮುಖ ತಿರುಗಿಸಿದರು. "ಇಲ್ಲಿ ಎಂತ ಮಾಡುವುದು ಸರ್?" ಎಂದು ಕನ್ನಡದಲ್ಲಿ ಕೇಳಿದ್ದೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

ಅಂದಿನಿಂದ ತುಂಗಾ ಗೊತ್ತಿದ್ದದ್ದನ್ನೂ ಕೇಳತೊಡಗಿದರು. ಉತ್ತರ ಹೆಚ್ಚಾಗಿ ತಪ್ಪಾಗಿರುತ್ತಿತ್ತು. ತುಂಗಾರಿಗೆ ಆ ಧ್ವನಿ ಸಾಕಿತ್ತು.

ಒಂದು ಮಧ್ಯಾಹ್ನ ಮುರಳೀಕೃಷ್ಣ ಸಂಕೋಚದಿಂದ, "ಮೇಡಂ, ನಿಮಗೆ ಹುಡುಗನನ್ನು ನೋಡ್ತಾ ಇದ್ದಾರಂತೆ, ಹೌದಾ?" ಎಂದರು.

"ನಾನೇ ಒಬ್ಬರನ್ನು ನೋಡಿಟ್ಟಿದ್ದೇನೆ ಸರ್."

ಅವರ ಮುಖ ಬಾಡಿತು. "ಒಳ್ಳೆಯದಾಗಲಿ" ಎಂದು ಎದ್ದರು. ತುಂಗಾ ಹಿಂದೆಯೇ ಹೋಗಿ ಕೈ ಹಿಡಿದರೆ, ಯಾರಾದರೂ ನೋಡಿಯಾರು ಎಂಬಂತೆ ಮೆಲ್ಲನೆ ಬಿಡಿಸಿಕೊಂಡರು.

ಕೆಲಸ ಮುಗಿಯಿತು. ಹೊಸ ವ್ಯವಸ್ಥೆ ಯಾವ ತೊಂದರೆಯೂ ಇಲ್ಲದೆ ಓಡಿತು. ಕಂಪೆನಿಯವರು ಮೇನ್‌ಫ್ರೇಮ್ ನಿಲ್ಲಿಸಿದರು. ಮನೆಯ ಲ್ಯಾಪ್‌ಟಾಪಿನಲ್ಲೂ ಹಳೆಯ ಪರದೆ ಬರುವುದು ನಿಂತಿತು. ತುಂಗಾ ಬಣ್ಣಬಣ್ಣದ ಹೊಸ ಪರದೆ ತೆರೆದು, "ಸರ್, ಒಂದು ಸಂಶಯ ಉಂಟು" ಎಂದು ಕರೆದರು.

ಅವರು ಬಗ್ಗಿ ಬಹಳ ಹೊತ್ತು ನೋಡಿದರು. "ಇದು ನಮ್ಮದಲ್ಲ ಮೇಡಂ."

ಆಮೇಲೆ ಅವರು ಮಾತಾಡಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಹಾಸಿಗೆ ಹಿಡಿದರು. ನೋಡಲು ಬಂದ ಅನ್ವಿತಾ, "ನಿಮ್ಮಿಂದಾಗಿ ಎಲ್ಲ ಬೇಗ ಮುಗೀತು ಮೇಡಂ" ಎಂದಳು.

ತುಂಗಾ ಗಂಡನ ಬಾಯಿಂದ ಸೋರಿದ ಗಂಜಿ ಒರೆಸುತ್ತಿದ್ದರು. "ನಾನು ಸ್ವಲ್ಪ ನಿಧಾನ ಮಾಡಬೇಕಿತ್ತು ಮಾರಾಯ್ತಿ" ಎಂದರು.