ಶಿರ್ವದ ಫೆಲಿಕ್ಸರ ಸೊಂಟ

ಮಣಿಪಾಲದ ಫಿಸಿಯೋಥೆರಪಿ ಕೋಣೆಯಲ್ಲಿ ಫೆಲಿಕ್ಸರಿಗೆ ಹೇಳಿದ್ದನ್ನೇ ಹೇಳಿ ನನಗೆ ಸಾಕಾಗಿತ್ತು. ಗಲ್ಫಿನಿಂದ ಗಾಲ್ಫ್ ಹುಚ್ಚು ಹಿಡಿಸಿಕೊಂಡು ತಮ್ಮ ಊರು ಶಿರ್ವಕ್ಕೆ ಮರಳಿದ್ದ ಅವರು, ಕೊಯ್ಲಾದ ಗದ್ದೆಯಲ್ಲಿ ದಿನವೂ ಚೆಂಡು ಹೊಡೆದು ಬೆನ್ನು ನೋಯಿಸಿಕೊಳ್ಳುತ್ತಿದ್ದರು.

"ಬಲ ಕೈಯಿಂದ ಬರುವುದಲ್ಲ. ಪಾದ ನೆಲವನ್ನು ಒತ್ತಬೇಕು, ಮೊದಲು ಸೊಂಟ ತಿರುಗಬೇಕು, ಆಮೇಲೆ ಭುಜ. ಕೈ ಬರುವುದು ಕೊನೆಗೆ. ನೀವು ಕೈಯನ್ನೇ ಮೊದಲು ಬೀಸುತ್ತೀರಿ, ಭಾರವೆಲ್ಲ ಬೆನ್ನಿಗೆ ಬೀಳುತ್ತದೆ."

"ನನ್ನ ಕೈಯಲ್ಲಿ ಬಲ ಉಂಟು ಡಾಕ್ಟ್ರೇ."

ತಾಳ್ಮೆಗೆಟ್ಟು ಒಂದು ಶನಿವಾರ ಅವರ ಗದ್ದೆಗೇ ಹೋದೆ. ಪುನಃ ವಿವರಿಸಲು ಶುರು ಮಾಡಿದಾಗ ಅವರು ಕೋಲನ್ನು ನನ್ನ ಕೈಗಿಟ್ಟು, "ನೀವೇ ಒಂದು ಹೊಡೆಯಿರಿ ಮಾರಾಯ್ರೇ" ಎಂದರು. ನಾನು ಅದುವರೆಗೆ ಗಾಲ್ಫ್ ಕೋಲು ಮುಟ್ಟಿದವನಲ್ಲ. ಪಾದ ಒತ್ತಿದೆ, ಸೊಂಟ ತಿರುಗಿತು, ಭುಜ ತಿರುಗಿತು, ಕೈ ಬಂತು. ಮಣ್ಣಿನ ಹೆಂಟೆಯೊಂದು ಹಾರಿತು. ಚೆಂಡು ಇದ್ದಲ್ಲೇ ಇತ್ತು.

ಫೆಲಿಕ್ಸರು ನಕ್ಕು ನಕ್ಕು ಬೆನ್ನು ಹಿಡಿದುಕೊಂಡು ಗದ್ದೆಯಲ್ಲೇ ಕುಳಿತುಬಿಟ್ಟರು. ನಾನು ಅವರನ್ನು ಅಲ್ಲೇ ಬೋರಲು ಮಲಗಿಸಿ ಬೆನ್ನು ಒತ್ತುತ್ತಿದ್ದಾಗ, "ನಿಮ್ಮ ವಿಜ್ಞಾನ ಸರಿಯೇ ಇರಬಹುದು. ಚೆಂಡಿಗೂ ಅದು ಗೊತ್ತಿರಬೇಕಲ್ವಾ?" ಎಂದರು.

ಆಮೇಲೆ ಸೊಂಟ ತಿರುಗಿಸಿ ಹೊಡೆಯಲು ಕಲಿತರು, ನೋವೂ ಇಳಿಯಿತು. ಆದರೆ ಮಣಿಪಾಲದ ಡಾಕ್ಟರಿಗೆ ಗಾಲ್ಫ್ ಕಲಿಸಿದ್ದು ತಾನೇ ಎಂದು ಈಗ ಶಿರ್ವದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.