ನಡುಕೆರೆಯಲ್ಲಿ ನಿಲ್ಲುತ್ತಿದ್ದ ಮೋಟಾರು

ನಮ್ಮ ಸೋದರಮಾವನಿಗೆ ಕೆಟ್ಟು ಕೂತ ಮೋಟಾರು ಕಂಡರೆ ಹಸಿವು ನಿದ್ದೆ ಎರಡೂ ಮರೆತುಹೋಗುತ್ತವೆ. ಕೊಡಿಗೇನಹಳ್ಳಿಯಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಅಂಥವನು ಶಿರಾದ ಗುಜರಿ ಅಂಗಡಿಯಿಂದ ಒಂದು ಹಳೇ ದೋಣಿ ಮೋಟಾರು ಹೊತ್ತು ತಂದಾಗ ಮೊದಲು ಬೈದವಳು ನಾನೇ. ಬೋರ್‌ವೆಲ್ಲಿಗೆ ಬಾಯಿ ಬಿಟ್ಟುಕೊಂಡು ಕೂತ ಸೀಮೆಯಲ್ಲಿ ದೋಣಿ ಮೋಟಾರು ಯಾರ ತಲೆಗೆ ಕಟ್ಟುತ್ತೀಯ ಅಂತ ಕೇಳಿದ್ದೆ. ಮಾವ ಆಗಲೇ ಸ್ಪ್ಯಾನರ್ ಹುಡುಕುತ್ತಿದ್ದ.

ಅವನು ಅದನ್ನು ತಂದದ್ದು ಅತ್ತೆಗೋಸ್ಕರ. ಆ ವರ್ಷ ಮಳೆ ಬಿಡದೆ ಹುಯ್ದು ಊರ ಕೆರೆ ಕೋಡಿ ಬಿದ್ದಿತ್ತು. ಊರಿಗೆಲ್ಲ ಹಬ್ಬ, ಅತ್ತೆಗೆ ಮಾತ್ರ ಅರ್ಧ ಹಬ್ಬ. ಅತ್ತೆ ಮತ್ತು ಅವಳ ತಂಗಿ ಪಾವಗಡದ ಕಡೆಯವರು. ಒಂದೇ ಕೆರೆಯ ಈ ದಡಕ್ಕೊಬ್ಬಳು, ಆ ದಡಕ್ಕೊಬ್ಬಳು ಸೊಸೆಯಾಗಿ ಬಂದವರು. ಕೆರೆ ಒಣಗಿದ್ದಷ್ಟು ಕಾಲ ಜಾಲಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಸಾರಿನ ಪಾತ್ರೆ ಹಿಡಿದು ಓಡಾಡಿಕೊಂಡಿದ್ದರು. ಈಗ ಆ ದಾರಿ ನೀರಿನ ಅಡಿಯಲ್ಲಿತ್ತು. ಸುತ್ತಿ ಹೋಗಲು ಎರಡು ಬಸ್ಸು ಬದಲಾಯಿಸಬೇಕು, ಅತ್ತೆಗೋ ಬಸ್ಸಿನ ವಾಸನೆಗೇ ವಾಂತಿ. ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು ಹೋದರೂ ಇಳಿದ ಮೇಲೆ ಒಂದು ದಿನ ಏಳುತ್ತಿರಲಿಲ್ಲ.

ತಂಗಿಯ ಮಗಳಿಗೆ ಸೀಮಂತ ಗೊತ್ತಾಯಿತು. ಅತ್ತೆಗೆ ಮಕ್ಕಳಿಲ್ಲ, ಆ ಹುಡುಗಿ ಬೆಳೆದದ್ದು ಅತ್ತೆಯ ಸೆರಗು ಹಿಡಿದುಕೊಂಡೇ. ಅವಳ ಮಡಿಲಿಗೆ ಮೊದಲ ಹಿಡಿ ಅಕ್ಕಿ ತನ್ನ ಕೈಯಿಂದಲೇ ಬೀಳಬೇಕು, ರಾಹುಕಾಲಕ್ಕೆ ಮುಂಚೆ ಬೀಳಬೇಕು, ಅದನ್ನು ವಾಂತಿ ಮಾಡಿಕೊಂಡು ಬಂದ ಬಾಯಲ್ಲಿ ಮಾಡುವುದಿಲ್ಲ ಅಂತ ಅತ್ತೆ ಹಟ ಹಿಡಿದು ಕೂತಳು. ಮಾವ ನೀರಿನ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟುಬಿಟ್ಟ.

ಮೀನು ಗುತ್ತಿಗೆ ಹಿಡಿದವರೊಬ್ಬರು ತಮ್ಮ ಫೈಬರ್ ದೋಣಿ ಕೊಟ್ಟರು. ಮೋಟಾರನ್ನು ಮಾವ ಅಂಗಡಿ ಮುಂದೆ ನೀರಿನ ಡ್ರಮ್ಮಿಗೆ ಇಳಿಬಿಟ್ಟು, ಟ್ಯಾಂಕಿನ ಮುಚ್ಚಳ ತೆಗೆದಿಟ್ಟು, ಲೋಟದಷ್ಟು ಪೆಟ್ರೋಲ್ ಹಾಕಿ ಹಗ್ಗ ಎಳೆದ. ಪೆಟ್ರೋಲ್ ಮುಗಿಯುವ ತನಕ ಅದು ಗಂಡು ಧ್ವನಿಯಲ್ಲಿ ಓಡಿತು. ಕೆರೆಗೆ ಇಳಿಸಿದರೆ ಮಾತ್ರ ಬೇರೆ ಬುದ್ಧಿ. ದಡ ಬಿಟ್ಟು ಸ್ವಲ್ಪ ದೂರ ಹೋಗುತ್ತಿತ್ತು, ಕೆಮ್ಮುತ್ತಿತ್ತು, ನಿಂತೇಬಿಡುತ್ತಿತ್ತು. ಮಾವ ಮುಚ್ಚಳ ಬಿಚ್ಚಿ ಪೆಟ್ರೋಲ್ ಇದೆಯಾ ಅಂತ ಇಣುಕಿ, ಮತ್ತೆ ಬಿಗಿಯಾಗಿ ಮುಚ್ಚಿ ಹಗ್ಗ ಎಳೆದರೆ ತಕ್ಷಣ ಶುರು. ಇನ್ನೊಂದಷ್ಟು ದೂರ, ಮತ್ತೆ ಕೆಮ್ಮು.

ಪ್ಲಗ್ ಬದಲಾಯಿಸಿದ. ಕಾರ್ಬೊರೇಟರ್ ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದ. ಪೈಪ್ ಹೊಸದು ಹಾಕಿದ. ಏರಿಯ ಮೇಲೆ ಕೂತವರ ಸಲಹೆಗಳಿಗಂತೂ ಬರವಿರಲಿಲ್ಲ: ಪಂಪ್‌ಸೆಟ್ಟಿನವರು ಏರ್ ಹಿಡಿದಿದೆ ಅಂದರು, ಮೊಪೆಡ್ಡಿನವರು ಚೋಕ್ ಅಂದರು, ಒಬ್ಬರು ದೃಷ್ಟಿಯಾಗಿದೆ ಅಂದರು. ಮಾವ ನಾಚಿಕೆಯಿಲ್ಲದೆ ಮೋಟಾರಿಗೆ ದೃಷ್ಟಿಯನ್ನೂ ತೆಗೆದ.

ಸೀಮಂತದ ಬೆಳಗ್ಗೆಯೂ ಅದರ ಕಾಯಿಲೆ ವಾಸಿಯಾಗಿರಲಿಲ್ಲ. ನಿಂತರೆ ಹುಟ್ಟು ಹಾಕುತ್ತೇನೆ, ನಡಿ ಅಂದ ಮಾವ. ಮಧುಗಿರಿಯಲ್ಲಿ ಟೈಲರಿಂಗ್ ಮಾಡುವ ನಾನು ಬಸುರಿಗೆ ರವಿಕೆ ಹೊಲಿದು ತಂದವಳು, ಊದಿದ ಟ್ರ್ಯಾಕ್ಟರ್ ಟ್ಯೂಬನ್ನು ತಬ್ಬಿಕೊಂಡು ದೇವರ ಹೆಸರು ಹೇಳುತ್ತ ದೋಣಿ ಹತ್ತಿದೆ. ಅತ್ತೆ ಮಡಿಲಕ್ಕಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ರಾಣಿಯ ಹಾಗೆ ಕೂತಳು.

ನಡುಕೆರೆಗೆ ಬರುವಷ್ಟರಲ್ಲಿ ಅದು ಸಾಕಷ್ಟು ಸಲ ನಿಂತು, ಮಾವನ ಕೈ ಬೊಬ್ಬೆ ಎದ್ದಿತ್ತು. ಬಿಸಿಲು ಏರುತ್ತಿತ್ತು. ರಾಹುಕಾಲದ ಯೋಚನೆಗೆ ಅತ್ತೆಯ ಮುಖ ಸಣ್ಣಗಾಯಿತು. ಮೋಟಾರು ಮತ್ತೆ ನಿಂತಿದ್ದಾಗಲೇ ಗಾಳಿ ಎದ್ದು ನೀರು ಒಳಗೆ ಎರಚತೊಡಗಿತು. ಅತ್ತೆ ಹಿಂದಕ್ಕೆ ಬಾಗಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಮಾವ ಸೈಕಲ್ ಟ್ಯೂಬಿನಲ್ಲಿ ಬಿಗಿದಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ಅಕ್ಕಿ ಗಂಟಿಗೆ ಸುತ್ತಿಬಿಟ್ಟಳು. ಪೆಟ್ರೋಲಿಗೆ ನೀರು ಬೀಳ್ತದೆ ಅಂತ ಮಾವ ಹೌಹಾರಿದ.

"ನಿಮ್ ಮೋಟ್ರು ನೆಂದ್ರೆ ಒಣಗಿಸ್ಕಬೌದು ಬುಡಿ," ಅಂದಳು ಅತ್ತೆ. "ಮಗಿನ ಅಕ್ಕಿ ನೆಂದ್ರೆ ಏಂ ಮಾಡನ?"

ಮಾವ ಗೊಣಗುತ್ತ ಹಗ್ಗ ಎಳೆದ. ಮೋಟಾರು ಶುರುವಾಯಿತು. ಕೆಮ್ಮುವ ಹೊತ್ತಿಗೆ ಕೆಮ್ಮಲಿಲ್ಲ. ನಾವು ಮೂವರೂ ಕಾದೆವು. ಅದು ನಿಲ್ಲಲೇ ಇಲ್ಲ. ಮಾವ ಮುಚ್ಚಳದ ನೆತ್ತಿಯ ಸಣ್ಣ ತೂತನ್ನು ನೋಡಿದ, ಪ್ಲಾಸ್ಟಿಕ್ ನೋಡಿದ, ಹಣೆ ಚಚ್ಚಿಕೊಂಡ. ನಮ್ಮ ಕಡೆ ಧೂಳಿನ ಭಯಕ್ಕೆ ಯಾವ ಎಂಜಿನ್ನಿನ ಟ್ಯಾಂಕಿಗಾದರೂ ಬಟ್ಟೆ ಸುತ್ತುವುದು ರೂಢಿ. ಮಾವ ನೀರಿನ ಭಯಕ್ಕೆ ಬಟ್ಟೆಯ ಬದಲು ಪ್ಲಾಸ್ಟಿಕ್ ಬಿಗಿದು, ಪೆಟ್ರೋಲಿಗೆ ಉಸಿರಾಡಲು ಇದ್ದ ಒಂದೇ ತೂತನ್ನು ಮುಚ್ಚಿದ್ದ. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಕೆಳಗೆ ಇಳಿಯುತ್ತಿರಲಿಲ್ಲ. ನಾನು ಅಷ್ಟು ನಕ್ಕೆನಲ್ಲ, ಟ್ಯೂಬು ಕೈಜಾರಿ ನೀರಿಗೆ ಬಿತ್ತು.

ಆ ದಡ ಹತ್ತಿರವಾಯಿತು. ಬಣ್ಣದ ಸೀರೆಗಳು, ಶಾಮಿಯಾನ, ಎಲ್ಲ ಕಾಣಿಸಿದವು. ನಿಲ್ಲಿಸು ಅಂದೆ. ಮಾವ ನನ್ನ ಮುಖ ನೋಡಿದ. ಅದನ್ನು ಆಫ್ ಮಾಡುವ ಗುಂಡಿ ಗುಜರಿಯಿಂದ ಬರುವಾಗಲೇ ಮುರಿದಿತ್ತಂತೆ. ತಾನಾಗಿ ನಿಲ್ಲುವ ಮೋಟಾರಿಗೆ ಗುಂಡಿ ಯಾಕೆ ಅಂತ ಇವನು ಸುಮ್ಮನಾಗಿದ್ದನಂತೆ. ಸಾಲದ್ದಕ್ಕೆ ಆಕ್ಸಿಲರೇಟರನ್ನೂ ಕಂಬಿಯಲ್ಲಿ ಕಟ್ಟಿ ಕೂರಿಸಿದ್ದ, ವೇಗ ತಗ್ಗಿಸುವಂತೆಯೂ ಇರಲಿಲ್ಲ. ದಡಕ್ಕೆ ಗುದ್ದುವ ಬದಲು ದೋಣಿ ತಿರುಗಿಸಿದ. ಸೀಮಂತಕ್ಕೆ ಬಂದವರ ಕಣ್ಣೆದುರಿಗೇ ನಾವು ಗಾಣದ ಎತ್ತಿನ ಹಾಗೆ ಸುತ್ತಿದೆವು. ಹೆಂಗಸರು ಮೊದಲು ಕೈ ಬೀಸಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕೊನೆಗೆ ಮಾವ ಪೆಟ್ರೋಲ್ ಪೈಪನ್ನೇ ಕಿತ್ತ. ಮೋಟಾರು ಇನ್ನೊಂದು ಸುತ್ತು ಹೊಡೆಸಿ, ಜೊಂಡಿನೊಳಗೆ ದೋಣಿ ನುಗ್ಗಿಸಿ ಸುಮ್ಮನಾಯಿತು.

ಅತ್ತೆ ಯಾರಿಗೂ ಕಾಯಲಿಲ್ಲ. ಗಂಟನ್ನು ತಲೆಯ ಮೇಲಿಟ್ಟುಕೊಂಡು ಮೊಣಕಾಲುದ್ದ ನೀರಿಗೆ ಇಳಿದು ನಡೆದಳು. ರಾಹುಕಾಲಕ್ಕೆ ಇನ್ನೂ ಹೊತ್ತಿತ್ತು. ಶಾಮಿಯಾನದ ಕೆಳಗೆ ಬಸುರಿಯನ್ನು ಕೂರಿಸಿದ್ದ ಕುರ್ಚಿ ನೆಂಟರಿಗೆಲ್ಲ ಬೆನ್ನು ಹಾಕಿ ಕೆರೆಯ ಕಡೆ ತಿರುಗಿತ್ತು. ಯಾಕೆ ಅಂತ ನಾನು ಅತ್ತೆಯ ತಂಗಿಯನ್ನು ಕೇಳಿದೆ. ಬೆಳಗಿನಿಂದ ಅಂಗೇ ಕೂತವ್ಳೆ, ಯಾರ ಕೈಯಲ್ಲೂ ಅಕ್ಕಿ ಹಾಕಿಸ್ಕೊಳ್ಳಲಿಲ್ಲ ಅಂದಳು ಅವಳು.

"ದೊಡ್ಡಮ್ಮ, ನೀನು ಬಸ್ಸಲ್ಲಿ ಬರ್ತೀಯ ಅಂದ್ರು ಎಲ್ರೂ," ಅಂದಳು ಹುಡುಗಿ, ನಕ್ಕು ನಕ್ಕು ಒದ್ದೆಯಾದ ಕಣ್ಣು ಒರೆಸಿಕೊಳ್ಳುತ್ತ. "ನಂಗೊತ್ತಿತ್ತು, ನೀನು ನಮ್ ದಾರೀಲೇ ಬರ್ತೀಯ ಅಂತ."

ಅತ್ತೆ ನೀರು ಸೋರುವ ಸೀರೆಯಲ್ಲೇ ಪ್ಲಾಸ್ಟಿಕ್ ಬಿಚ್ಚಿ, ಒಂದು ಕಾಳೂ ನೆನೆಯದ ಅಕ್ಕಿಯನ್ನು ಬೊಗಸೆ ತುಂಬ ತೆಗೆದು ಅವಳ ಮಡಿಲಿಗೆ ಹಾಕಿದಳು.